ಐದು ದೇಶಗಳ ಚಿಲ್ಲರೆ

ನನ್ನ ಕಪಾಟಿನ ಮೇಲಿನ ಗೂಡಿನಲ್ಲಿ ಒಂದು ಕೆಂಪು ಮಖಮಲ್ಲಿನ ಚೀಲವಿದೆ. ಅದನ್ನು ಅಲುಗಾಡಿಸಿದರೆ ಯುರೋಪು ಖಂಡವೇ ಸದ್ದು ಮಾಡುತ್ತದೆ. ಇಷ್ಟಕ್ಕೇ ನನ್ನನ್ನು ಬಹಳ ದೇಶ ತಿರುಗಿದವನೆಂದು ತಾವು ಎಣಿಸಿದರೆ ಅದು ತಮ್ಮ ಔದಾರ್ಯ. ಪಶ್ಚಿಮ ದಿಕ್ಕಿನಲ್ಲಿ ನಾನು ಗೋವೆಯನ್ನು ದಾಟಿದವನಲ್ಲ. ಅಲ್ಲಿಯೂ ಮುಂದೆ ಸಮುದ್ರವಿದ್ದುದರಿಂದ ಮರ್ಯಾದೆಯಾಗಿ ಹಿಂದಿರುಗಿದೆ. ಹಾಗಿದ್ದೂ ಪೌಂಡು, ಯುರೋ, ಸ್ವಿಸ್ ಫ್ರಾಂಕು, ದಿರ್ಹಮ್ ಎಂಬ ನಾಲ್ಕು ಕುಲದ ನಾಣ್ಯಗಳು ಧಾರವಾಡದ ಸತ್ತೂರಿನ ನನ್ನ ಮನೆಯಲ್ಲಿ ಕಾಲು ಮುರಿದುಕೊಂಡು ಬಿದ್ದಿವೆ. ಅವು ಹೇಗೆ ಬಂದವು, ಅವನ್ನು ರೂಪಾಯಿಗೆ ಬದಲಿಸಲು ಹೋಗಿ ನಾನು ಏನೇನು ಕೇಳಿಸಿಕೊಂಡೆ, ಅದರ ದೆಸೆಯಿಂದ ಅಕ್ಕತಂಗಿಯರಿಬ್ಬರ ಹೋಗಿಬರುವ ಬಳಕೆಯೇ ಹೇಗೆ ಕಡಿದುಬೀಳುವುದರಲ್ಲಿತ್ತು ಎಂಬುದನ್ನು ಕ್ರಮವಾಗಿ ನಿವೇದಿಸುತ್ತೇನೆ. ಕ್ರಮ ತಪ್ಪಿಸಿ ಹೇಳುವುದು ನನ್ನಿಂದಾಗದು. ನಾನು ಖಜಾನೆ ಇಲಾಖೆಯಲ್ಲಿ ಅಧಿಕಾರಿಯಾಗಿ ನಿವೃತ್ತನಾದವನು.

ಚೀಲ ಬಂದದ್ದು ಕೆಲವು ವರ್ಷಗಳ ಹಿಂದೆ, ನನ್ನ ಮಗಳ ಮದುವೆಯಲ್ಲಿ, ಆಯೇರವಾಗಿ. ಕೊಟ್ಟವರು ನನ್ನ ಷಡ್ಡಕರು. ಎಂದರೆ ನನ್ನ ಹೆಂಡತಿ ಶಾಂತಾಳ ತಂಗಿ ಕಮಲಾಳ ಯಜಮಾನರು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮನೆ ಕಟ್ಟಿಕೊಂಡಿರುವ ಹತ್ತಿ ವ್ಯಾಪಾರಿ ಚನ್ನಬಸಪ್ಪನವರು. ಆಯೇರವೆಂದರೆ ಮದುವೆಯಲ್ಲಿ ಬಂಧುಬಳಗದವರು ಕೊಡುವ ಕಾಣಿಕೆ; ತೆಂಕಣದವರು ಮುಯ್ಯಿ ಎನ್ನುವುದು ಇದಕ್ಕೇ. ನಮ್ಮ ಕಡೆ ಇದು ಗುಟ್ಟಿನ ವ್ಯವಹಾರವಲ್ಲ. ಅಕ್ಷತೆ ಬಿದ್ದ ಮೇಲೆ ವೇದಿಕೆಯ ಬದಿಗೆ ಒಂದು ಮೇಜು ಬರುತ್ತದೆ. ಗಟ್ಟಿ ದನಿಯವರೊಬ್ಬರು ಮೈಕಿನ ಮುಂದೆ ಕುಳಿತು, ಯಾರು ಏನು ಕೊಟ್ಟರೆಂಬುದನ್ನು ಊಟದ ಪಂಕ್ತಿಗೂ ಕೇಳುವಂತೆ ಸಾರುತ್ತಾರೆ. ಹುಗ್ಗಿ ಬಡಿಸಿಕೊಳ್ಳುತ್ತಿರುವವನು ಕೂಡ ಕೈ ತಡೆದು, ಯಾರ ಕೈ ಎಷ್ಟು ಬಿಗಿ ಎಂಬುದನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾನೆ.

ಪಡೆದ ಆಯೇರವನ್ನು ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ತೀರಿಸಬೇಕು. ಆದರೆ ಸಮನಾಗಿ ತೀರಿಸಬಾರದು. ಎಷ್ಟು ಬಂದಿತ್ತೋ ಅದರ ಮೇಲೆ ಒಂದಿಷ್ಟು ಇಟ್ಟು ಕೊಡಬೇಕು. ಹೆಚ್ಚಿಗೆ ಇಟ್ಟದ್ದು ಅವರ ಮೇಲಿನ ಋಣವಾಗಿ ಉಳಿದು, ಮುಂದಿನ ಕಾರ್ಯಕ್ಕೆ ಅವರನ್ನು ನಮ್ಮ ಬಾಗಿಲಿಗೆ ಎಳೆದು ತರುತ್ತದೆ. ಬಂದಷ್ಟನ್ನೇ ಪೈಸೆಗೆ ಪೈಸೆ ಸರಿಯಾಗಿ ಹಿಂದಿರುಗಿಸಿದರೆ, ನಿಮಗೂ ನಮಗೂ ತೀರಿತು ಎಂದು ಅರ್ಥ. ಬೈಗುಳವಿಲ್ಲ, ಜಗಳವಿಲ್ಲ, ಸಮನಾದ ಒಂದು ಲಕೋಟೆ ಸಾಕು, ಎರಡು ಮನೆಗಳ ನಡುವೆ ಗೋಡೆ ಏಳುತ್ತದೆ. ಸರಕಾರಿ ಲೆಕ್ಕದಲ್ಲಿ ಎರಡು ಕಡೆಯೂ ಸಮನಾದರೆ ಲೆಕ್ಕಿಗನಿಗೆ ಶಾಂತಿ. ಬಂಧುಗಳ ಲೆಕ್ಕದಲ್ಲಿ ಸಮನಾದ ದಿನವೇ ಸೂತಕ.

ಚನ್ನಬಸಪ್ಪನವರು ಆಗಷ್ಟೇ ವರ್ತಕರ ಗುಂಪಿನೊಂದಿಗೆ ಯುರೋಪು ಪ್ರವಾಸ ಮುಗಿಸಿ ಬಂದಿದ್ದರು. ಮಖಮಲ್ಲಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. ಮೈಕಿನವರು ಅವರೊಡನೆ ಪಿಸುಮಾತಾಡಿ, ಗಂಟಲು ಸರಿಪಡಿಸಿಕೊಂಡು, "ಬೆಂಗೇರಿ ಚನ್ನಬಸಪ್ಪನವರಿಂದ ಆಯೇರ, ಐದು ದೇಶದ ರೊಕ್ಕಾ!" ಎಂದರು. ಸಭೆ ಹೊರಳಿ ನೋಡಿತು. ನನ್ನ ಹಿರಿಯಣ್ಣ ಬಂಗಾರದ ಉಂಗುರ ಕೊಟ್ಟಾಗ ತಿರುಗದ ಕುತ್ತಿಗೆಗಳೆಲ್ಲ ಆಗ ತಿರುಗಿದವು. ಐದು ದೇಶವೆಂಬುದೇ ತಪ್ಪು. ಅವರ ವಿಮಾನ ನಡುವೆ ಇಳಿದಿದ್ದ ದುಬೈ ಒಂದು ದೇಶವಲ್ಲ. ಯುರೋ ಒಂದೇ ದೇಶದ್ದಲ್ಲ. ಆದರೆ ಮಗಳ ಮದುವೆಯಲ್ಲಿ ತಂದೆಯಾದವನು ಮೈಕಿಗೆ ತಿದ್ದುಪಡಿ ಹೇಳಲಾಗುವುದಿಲ್ಲ.

ಮರುದಿನ ಚೀಲ ಬಿಚ್ಚಿದೆ. ಒಳಗಿದ್ದುದು ಪ್ರವಾಸದ ಕೊನೆಯಲ್ಲಿ ಯಾರ ಜೇಬಿನಲ್ಲಾದರೂ ಉಳಿಯುವ ಪುಡಿ ಚಿಲ್ಲರೆ. ಎಲ್ಲಿಯೋ ಕಾಫಿ ಕುಡಿದು ಮರಳಿ ಪಡೆದದ್ದು, ಎಲ್ಲಿಯೋ ಶೌಚಾಲಯಕ್ಕೆಂದು ತೆಗೆದಿಟ್ಟು ಉಳಿದದ್ದು. ಅದರ ನಡುವೆ ನಾಲ್ಕು ತೂತಿನ ಒಂದು ಅಂಗಿಯ ಗುಂಡಿಯೂ ಇತ್ತು. ನಾಣ್ಯಗಳನ್ನು ಆರಿಸಿ ಹಾಕಿದ್ದರೆ ಗುಂಡಿ ಬರುತ್ತಿರಲಿಲ್ಲ. ಜೇಬನ್ನು ಹಾಗೆಯೇ ಬೋರಲು ಹಾಕಿದ್ದಾರೆ! ನನ್ನ ಮಗಳ ಮಂಗಲಕಾರ್ಯಕ್ಕೆ ತಮ್ಮ ಜೇಬಿನ ಕಸ ಗುಡಿಸಿ ಹಾಕಿದ್ದಾರೆ.

ಇದೊಂದೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಇದೇ ಮಹನೀಯರು ಒಮ್ಮೆ ತಮ್ಮ ವ್ಯಾಪಾರದ ಗೆಳೆಯರ ಮುಂದೆ ನನ್ನನ್ನು "ಖಜಾನಿಯೊಳಗ ಕಾರಕೂನ ಅದಾರ" ಎಂದು ಪರಿಚಯಿಸಿದ್ದರು. ನಾನು ಕಾರಕೂನನಾಗಿದ್ದುದು ನಿಜ. ಆದರೆ ಆ ಹೊತ್ತಿಗೆ ಬಡ್ತಿ ಹೊಂದಿ ಬಹಳ ಕಾಲವಾಗಿತ್ತು. ನಮ್ಮ ಮನೆಯ ವಾಸ್ತುಶಾಂತಿಗೆ ಬಂದಾಗಲೂ ಪಡಸಾಲೆಯನ್ನು ನೋಡಿ, "ಸಣ್ಣದಾದ್ರೂ ಛಲೋ ಐತಿ" ಎಂದಿದ್ದರು. ಈ ವಾಕ್ಯದ ಮೊದಲ ಪದವನ್ನು ನಾನು ಇಂದಿಗೂ ಮರೆತಿಲ್ಲ. ಶಾಂತಾ ಉಳಿದ ಎರಡು ಪದಗಳನ್ನು ನೆನಪಿಡಿ ಎನ್ನುತ್ತಾಳೆ. ನನ್ನ ಸ್ಮರಣಶಕ್ತಿಯ ರಚನೆ ಹಾಗಿಲ್ಲ.

ಹೀಗಿರುವಾಗ ಈ ವರ್ಷ ಚನ್ನಬಸಪ್ಪನವರ ಮಗನ ಮದುವೆ ಗೊತ್ತಾಯಿತು. ದಂಪತಿಗಳು ಮನೆಗೆ ಬಂದು ಅಕ್ಷತೆ ಕೊಟ್ಟು ಕರೆದರು. "ಅಣ್ಣಾರ, ನೀವು ಬಂದ ನಿಂತ್ರನ ಅಕ್ಕಿಕಾಳ ಬೀಳೂದು ನೋಡ್ರಿ," ಎಂದು ಅವರು ನಕ್ಕರು. ನಾನೂ ನಕ್ಕೆ, ನಿಯಮಾನುಸಾರ. ಅವರ ಕಾರು ಓಣಿಯ ತಿರುವು ದಾಟಿದ ಕೂಡಲೆ ಶಾಂತಾ ಕೇಳಿದಳು:

"ಆಯೇರ ಎಷ್ಟ ಇಡೂದ್ರಿ?"

"ಎಷ್ಟ ಬಂದೈತಿ ಅಷ್ಟ. ಪೈಸಾ ಕಡಿಮಿ ಇಲ್ಲ, ಪೈಸಾ ಹೆಚ್ಚಿಲ್ಲ."

ಅವಳು ತಟ್ಟೆಯನ್ನು ಎತ್ತುತ್ತಿದ್ದವಳು ಹಾಗೆಯೇ ನಿಂತಳು. "ಅಂದ್ರ ಕಡಕೊಳ್ಳಾಕ ಹೊಂಟೀರಿ."

"ಲೆಕ್ಕಾ ಮುಗಸಾಕ ಹೊಂಟೇನಿ."

"ನಿಮಗ ಅದು ಲೆಕ್ಕಾರೀ. ನನಗ ತಂಗಿ."

ಅಂದಿನಿಂದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎರಡು ಪಟ್ಟಾಯಿತು, ಮಾತು ಅರ್ಧಕ್ಕಿಳಿಯಿತು. ನಾನು ಹಿಂಜರಿಯಲಿಲ್ಲ. ಆದರೆ ಸಮನಾಗಿ ಕೊಡಬೇಕಾದರೆ ಬಂದದ್ದರ ಬೆಲೆ ಗೊತ್ತಿರಬೇಕಲ್ಲ? ನಾಣ್ಯಗಳನ್ನು ಬದಲಿಸಿ, ಬಂದ ರೂಪಾಯಿಯನ್ನೇ ಲಕೋಟೆಯಲ್ಲಿಟ್ಟು ಕೊಡುವುದೆಂದು ನಿಶ್ಚಯಿಸಿ, ಚೀಲ ಹಿಡಿದು ಹೊರಟೆ.

ಮೊದಲು ಧಾರವಾಡದ ಒಂದು ಬ್ಯಾಂಕು. ಗಾಜಿನ ಹಿಂದೆ ಬೆಂಗಳೂರಿನ ಕಡೆಯ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಚೀಲವನ್ನು ಬಿಚ್ಚುವ ಮೊದಲೇ, ಸದ್ದಿನಿಂದಲೇ ತಿಳಿದು, "ನಾಣ್ಯ ನಾವು ತಗೊಳ್ಳಲ್ಲ ಸಾರ್, ನೋಟಿದ್ರೆ ಕೊಡಿ" ಎಂದಳು. ಕಾರಣ ಕೇಳಿದೆ. ನೋಟನ್ನಾದರೆ ಮರಳಿ ಮಾರಬಹುದಂತೆ; ನಾಣ್ಯವನ್ನು ಹೊತ್ತು ಅದರ ಊರಿಗೆ ಮುಟ್ಟಿಸುವ ಖರ್ಚೇ ಅದರ ಬೆಲೆಗಿಂತ ಹೆಚ್ಚಂತೆ. ಕೊನೆಗೆ ಕನಿಕರಿಸಿ, "ಆ ಕಡೆ ಹೋಗೋರು ಯಾರಾದ್ರೂ ಇದ್ರೆ ಕೊಟ್ಬಿಡಿ ಸಾರ್, ಚಾಕೊಲೇಟ್ ತರ್ತಾರೆ" ಎಂದಳು. ಜಿಲ್ಲೆಯ ಸಂಬಳಗಳೆಲ್ಲ ನನ್ನ ಸಹಿಗಾಗಿ ಕಾದು ನಿಂತ ಕಾಲವೊಂದಿತ್ತು. ಈಗ ನನಗೆ ಚಾಕೊಲೇಟು!

ಮುಂದೆ ಹುಬ್ಬಳ್ಳಿ. ಧಾರವಾಡದವರಾದ ನಾವು ಸಂಸ್ಕೃತಿಗೆ ಧಾರವಾಡ, ವ್ಯವಹಾರಕ್ಕೆ ಹುಬ್ಬಳ್ಳಿ ಎಂದು ಮೊದಲಿನಿಂದಲೂ ಹಂಚಿಕೊಂಡಿದ್ದೇವೆ. ಹುಬ್ಬಳ್ಳಿಯವರನ್ನು ಕೇಳಿ ಹಂಚಿದ್ದಲ್ಲ. ಅಲ್ಲಿ ವಿಮಾನದ ಟಿಕೀಟು ಮಾರುವ ಅಂಗಡಿಯೊಂದರಲ್ಲಿ ವಿದೇಶಿ ಹಣವನ್ನೂ ಬದಲಿಸುತ್ತಾರೆ. ಅಂಗಡಿಯವನು ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ನಾಣ್ಯಗಳನ್ನು ಮೇಜಿನ ಮೇಲೆ ಹರವಿದ.

"ಕಾಕಾ, ಇದನ್ನ ಯಾರ ಕೊಟ್ರು ನಿಮಗ?"

"ಬಂಧುಗಳು."

"ಹತ್ತಿರದವರೇನ್ರಿ?"

"ಷಡ್ಡಕರು."

"ಹಂಗಾರ ಸರಿ ಬಿಡ್ರಿ," ಎಂದ, ಎಲ್ಲವೂ ಅರ್ಥವಾದವನಂತೆ. ಒಂದು ದುಂಡು ಪೌಂಡನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. "ಉಳದದ್ದು ಇಲ್ಲಿ ನಡಿಯಂಗಿಲ್ಲ. ಇದಂತೂ ಅಲ್ಲೇ ಬಂದ್ ಆಗೇತ್ರಿ." ತನ್ನ ದೇಶದಲ್ಲಿಯೇ ನಿವೃತ್ತವಾದ ಆ ನಾಣ್ಯವನ್ನು ನಾನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಅದಕ್ಕೆ ಪಿಂಚಣಿಯೂ ಇಲ್ಲ.

ಕೊನೆಗೆ ಒಬ್ಬ ಬೆಳ್ಳಿ ವ್ಯಾಪಾರಿ. ಆತ ಒಂದನ್ನು ಕಲ್ಲಿನ ಮೇಲೆ ಬಡಿದು, ಕಿವಿಗೊಟ್ಟು, "ಬೆಳ್ಳಿ ಅಲ್ರಿ. ತೂಕಕ್ಕ ಹಾಕಿದ್ರ ಮೂರು ಕಪ್ ಚಾದ ರೊಕ್ಕಾ ಬಂದೀತು, ಗುಂಡಿ ಸಮೇತ" ಎಂದ.

ಬಸ್ಸಿನಲ್ಲಿ ಹಿಂದಿರುಗುವಾಗ ಯೋಚಿಸಿದೆ. ನಮ್ಮ ದಕ್ಷಿಣದ ನೆಲದಲ್ಲಿ ಅಗೆದಾಗ ರೋಮನ್ನರ ನಾಣ್ಯಗಳು ಸಿಕ್ಕುತ್ತವೆಂದು ಶಾಲೆಯಲ್ಲಿ ಓದಿದ್ದೇವೆ. ಮೆಣಸಿಗೂ ಮುತ್ತಿಗೂ ಬದಲಾಗಿ ಅವು ಹಡಗು ಹತ್ತಿ ಬಂದವು. ಅಂದಿನ ವರ್ತಕ ಆ ಚಕ್ರವರ್ತಿ ಯಾರೆಂದು ಕೇಳಿರಲಾರ; ಬಂಗಾರವನ್ನು ಕಚ್ಚಿ ನೋಡಿ ಗಂಟಿಗೆ ಹಾಕಿಕೊಂಡಿರುತ್ತಾನೆ. ನಾಣ್ಯದ ಬೆಲೆ ನಾಣ್ಯದೊಳಗೇ ಇತ್ತು. ಈಗ ಬೆಲೆ ಇರುವುದು ಲೋಹದಲ್ಲಲ್ಲ, ಅದನ್ನು ಹೊರಡಿಸಿದ ಸರಕಾರದ ಮಾತಿನಲ್ಲಿ. ಮಾತು ಅದು ಹುಟ್ಟಿದ ಊರಿನಲ್ಲಿ ಮಾತ್ರ ನಡೆಯುತ್ತದೆ. ಹೀಗಾಗಿ ರೋಮಿನ ದುಡ್ಡಿಗೆ ಮೆಣಸಿನ ಮೂಟೆ ಕೊಟ್ಟ ನಾಡಿನಲ್ಲಿ ಇಂದು ಅದೇ ರೋಮಿನ ಯುರೋಗೆ ಒಂದು ಪ್ಲೇಟು ಗಿರ್ಮಿಟ್ಟು ಸಿಕ್ಕುವುದಿಲ್ಲ. ಬಿರುನುಡಿಗಳ ವಿಷಯವೂ ಹೀಗೆಯೇ ಎನಿಸಿತು. ಆಡಿದವನ ಬಾಯಲ್ಲಿ ಅದು ಆ ಹೊತ್ತಿನ ಚಿಲ್ಲರೆ. ಆಡಿ, ಮರೆತು, ಮುಂದೆ ಹೋಗುತ್ತಾನೆ. ಕೇಳಿಸಿಕೊಂಡವನು ಅದನ್ನು ವರ್ಷಗಟ್ಟಲೆ ಹೊತ್ತು ಅಂಗಡಿಯಿಂದ ಅಂಗಡಿಗೆ ತಿರುಗುತ್ತಾನೆ. ಈ ಯೋಚನೆ ನನಗೆ ಅನುಕೂಲವಾಗಿರಲಿಲ್ಲ. ಆದ್ದರಿಂದ ಕಿಟಕಿಯಿಂದ ಹೊರಗೆ ನೋಡಿದೆ.

ಹೀಗೆ ಒಂದೇ ಚೀಲಕ್ಕೆ ಮೂರು ಬೆಲೆಗಳಾದವು. ಬ್ಯಾಂಕಿನ ಪ್ರಕಾರ ಸೊನ್ನೆ, ಬೆಳ್ಳಿಯವನ ಪ್ರಕಾರ ಮೂರು ಕಪ್ ಚಹಾ, ಪತ್ರಿಕೆಯಲ್ಲಿ ಬರುವ ವಿನಿಮಯ ದರದ ಪ್ರಕಾರ ಕೆಲವು ಸಾವಿರ ರೂಪಾಯಿ. ನ್ಯಾಯವಾಗಿ ನಾನು ಬರಿಗೈಯಲ್ಲಿ ಹೋಗಬಹುದಿತ್ತು. ಆದರೆ ಸಣ್ಣತನ ಅವರ ಕಡೆಗೇ ಉಳಿಯಲೆಂದು ಪತ್ರಿಕೆಯ ದರವನ್ನೇ ಹಿಡಿದೆ. ಸತ್ತ ಪೌಂಡಿಗೂ ಜೀವಂತ ಪೌಂಡಿನ ಬೆಲೆ ಕಟ್ಟಿದೆ. ರೂಪಾಯಿಯ ಕೆಳಗೆ ಬಂದ ಪೈಸೆಗೆಂದು ಅಂಗಡಿ ಅಂಗಡಿ ಅಲೆದು ಐವತ್ತು ಪೈಸೆಯ ಒಂದು ನಾಣ್ಯವನ್ನೂ ಹುಡುಕಿ ತಂದೆ. ಲಕೋಟೆಯ ಬಾಯಿ ಅಂಟಿಸಲಿಲ್ಲ. ಮೈಕಿನವರು ಎಣಿಸಿ ಸಾರಬೇಕಲ್ಲ, ಪೈಸೆ ಸಹಿತ.

ಮದುವೆಯ ಹಿಂದಿನ ದಿನ ಕಮಲಾಳ ಫೋನು ಬಂತು. ಶಾಂತಾ ಹೂಂ, ಹೂಂ ಎಂದಷ್ಟೇ ಅಂದು ಇಟ್ಟಳು. ಆಮೇಲೆ ನನ್ನ ಕಡೆ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದಳು: "ಈ ಪಂಚಮಿಗೆ ಇಬ್ಬರೂ ಕೂಡಿ ಹೆಬ್ಬಳ್ಳಿಗೆ ಹೋಗೂಣು ಅಂದ್ಲು. ತವರ್ಮನ್ಯಾಗ ಜೋಕಾಲಿ ಕಟ್ಟಸ್ತಾನಂತ ತಮ್ಮ. ನಾ ಏನ ಹೇಳ್ಲಿ ಅಕಿಗೆ? ನಾಳಿ ಮಧ್ಯಾಹ್ನಕ್ಕ ಗೊತ್ತಾಗತೈತಿ ತಡಿ, ಅನ್ಲೇನು?"

ನಾನು ಲಕೋಟೆ ತೆಗೆದು, ಐವತ್ತು ಪೈಸೆಯ ಸಹಿತ ಇನ್ನೊಮ್ಮೆ ಎಣಿಸಿದೆ.

ಹುಬ್ಬಳ್ಳಿಯ ಕಲ್ಯಾಣಮಂಟಪ ತುಂಬಿತ್ತು. ಅಕ್ಷತೆ ಬಿತ್ತು. ಶಾಂತಾ ನನ್ನ ಮುಖವನ್ನು ಒಮ್ಮೆ ನೋಡಿ, ತಂಗಿಯೊಡನೆ ಊಟದ ಪಂಕ್ತಿಯ ಕಡೆ ಹೋದಳು; ಹೋಗುವಾಗ ತಂಗಿಯ ಕೈ ಹಿಡಿದುಕೊಂಡಿದ್ದಳು. ನಾನು ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಕೆಂಪು ಚೀಲ ಹಿಡಿದು ಮೇಜಿನ ಮುಂದಿನ ಸಾಲಿನಲ್ಲಿ ನಿಂತೆ. ಲಕೋಟೆಯಿಂದ ಲೆಕ್ಕ, ಚೀಲದಿಂದ ಮಾಲು, ಎರಡೂ ಮರಳಬೇಕೆಂಬುದು ನನ್ನ ಸಂಕಲ್ಪ. ನನ್ನ ಮುಂದೆ ಇಬ್ಬರಷ್ಟೇ ಉಳಿದಿದ್ದಾಗ ಚನ್ನಬಸಪ್ಪನವರು ಚೀಲವನ್ನು ಕಂಡರು. ರುಮಾಲಿನ ಕೆಳಗೆ ಅವರ ಮುಖ ಬಿಳಿಚಿತು. ಧಾವಿಸಿ ಬಂದು ನನ್ನ ಮೊಣಕೈ ಹಿಡಿದು, ವೇದಿಕೆಯ ಹಿಂದೆ ತೆಂಗಿನಕಾಯಿ ಚೀಲಗಳಿದ್ದಲ್ಲಿಗೆ ಕರೆದೊಯ್ದರು.

"ಇದನ್ನ ಇನ್ನೂ ಇಟ್ಟೀರೇನ್ರಿ ಅಣ್ಣಾರ?"

"ಗುಂಡಿ ಸಮೇತ."

ಅವರು ಒಂದು ಚೀಲದ ಮೇಲೆ ಕುಳಿತರು. "ಬದಲಸಾಕ ಹೋಗಿದ್ರಿ?"

"ಹೋಗಿದ್ದೆ."

"ಆ ಟಿಕೀಟ ಅಂಗಡಿಯಾಂವ ಏನಂದ?"

ನನಗೆ ಆಶ್ಚರ್ಯವಾಯಿತು. "ನಡಿಯಂಗಿಲ್ಲ ಅಂದ. ನಿಮಗ ಹೆಂಗ ಗೊತ್ತು?"

"ನನಗ ಇದು ಬರೇ ಕಬ್ಬಿಣ ಅಂದ್ನರಿ, ನಾಕ ಮಂದಿ ಮುಂದ. ಈ ಬಜಾರದಾಗ ನಾ ಅಂದದ್ದ ರೇಟ, ಅಂಥಾದ್ರಾಗ ನನಗ! ಬೆಳ್ಳಿ ಅಂಗಡಿಗೆ ಹೋದೆ, ಅಂವ ಬರೇ ನಕ್ಕ. ಮನ್ಯಾಗ ಹೇಳೂವಂಗಿಲ್ಲ, ನಮ್ಮವರು ಫಾರೆನ್ ರೊಕ್ಕಾ ತಂದಾರಂತ ಕಮಲಾ ಓಣಿ ತುಂಬ ಸಾರ್‍ಯಾಳ. ಎಲ್ಲೇರ ಒಂದು ಮರ್ಯಾದಿ ಜಾಗಾದಾಗ ಅದನ್ನ ಇಳಸಬೇಕಿತ್ತು."

"ಅದಕ್ಕ ನನ್ನ ಮಗಳ ಮದುವಿ ಸಿಕ್ತು."

"ಬ್ಯಾರೆಯವರಿಗೆ ಕೊಟ್ಟಿದ್ರ ಮರುದಿನಾ ಊರ ತುಂಬ ನಗ್ತಿದ್ರು. ನೀವು ಸಿಟ್ಟಾಗ್ತೀರಿ ಅಂತ ಗೊತ್ತಿತ್ರಿ. ಯಾರ ಮುಂದೂ ಹೇಳೂದಿಲ್ಲ ಅನ್ನೂದೂ ಗೊತ್ತಿತ್ತು."

ಅವರು ಕ್ಷಮೆ ಕೇಳಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ. ನಾನೂ ಕ್ಷಮಿಸಿದೆನೆಂದು ತಾವು ಬರೆದುಕೊಳ್ಳಬಾರದು. ಆದರೆ ನನ್ನ ಕಾಲು ಮೇಜಿನ ಕಡೆಗೆ ಏಳಲಿಲ್ಲ. ಇಷ್ಟು ಕಾಲ ನಾನು ಆ ಚೀಲವನ್ನು ನನ್ನ ಅವಮಾನವೆಂದು ತಿಳಿದು ಜತನ ಮಾಡಿದ್ದೆ. ಅದರೊಳಗೆ ಅವರ ಅವಮಾನವೂ ಇತ್ತು. ಮನುಷ್ಯ ತನ್ನ ಹಣವನ್ನು ಬ್ಯಾಂಕಿನಲ್ಲಿಡುತ್ತಾನೆ. ತಾನು ಕುಗ್ಗಿದ ಗಳಿಗೆಯನ್ನು ಮಾತ್ರ ಯಾರೋ ಒಬ್ಬ ಬಂಧುವಿನ ಮೇಲೆ ಹೇರಿ ಕೈ ಝಾಡಿಸಿಕೊಳ್ಳುತ್ತಾನೆ. ಅದೂ ಎಂಥವನ ಮೇಲೆ? ಸಿಟ್ಟಾದರೂ ಸೀಲು ಒಡೆಯದವನ ಮೇಲೆ. ಕಾರಕೂನನೆಂದು ಕರೆದ ಬಾಯಿಯೇ ನನ್ನನ್ನು ಖಜಾನೆಯೆಂದು ನಂಬಿತ್ತು. ನನ್ನ ಸೇವಾವಧಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಸಿಕ್ಕಿರಲಿಲ್ಲ, ಇದಕ್ಕಿಂತ ಒರಟಾದದ್ದೂ.

ಚೀಲವನ್ನು ಚಾಚಿದೆ. "ಬ್ಯಾಡ್ರಿ ಅಣ್ಣಾರ, ಇವತ್ತು ಬ್ಯಾಡ, ಬೀಗರು ಅದಾರ," ಎಂದು ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಆ ಒಂದು ನೋಟಕ್ಕಾಗಿ ನಾನು ಏನನ್ನಾದರೂ ಕೊಡುತ್ತಿದ್ದೆ. ಕೊಟ್ಟೆ ಕೂಡ. ಮೇಜಿನ ಬಳಿ ಬಂದವನು ಲಕೋಟೆ ತೆರೆದು, ಅಂಗಿಯ ಜೇಬಿನಲ್ಲಿದ್ದ ನೋಟುಗಳನ್ನೆಲ್ಲ ಎಣಿಸದೆ ಅದರೊಳಗೆ ತುರುಕಿದೆ.

"ಎಷ್ಟ ಅನ್ಲಿರಿ ಸಾಹೇಬರ?" ಎಂದರು ಮೈಕಿನವರು.

"ಗೊತ್ತಿಲ್ಲ."

ಹಣದ ವಿಷಯದಲ್ಲಿ ಈ ಪದ ನನ್ನ ಬಾಯಿಂದ ಹೊರಟದ್ದು ಅದೇ ಮೊದಲು. ಆ ಮಹಾನುಭಾವರಿಗೆ ಹೇಳಿದ್ದನ್ನು ಹೇಳಿದಂತೆ ಸಾರುವುದು ಅಭ್ಯಾಸ. "ಸತ್ತೂರ ಸಾಹೇಬರಿಂದ ಆಯೇರ, ಗೊತ್ತಿಲ್ಲ!" ಎಂದು ಮಂಟಪವೆಲ್ಲ ಮೊಳಗಿತು. ಊಟದ ಪಂಕ್ತಿಯಲ್ಲಿ ನಗೆ ಎದ್ದಿತು. ಕಮಲಾಳಿಗೆ ನಗೆಯಲ್ಲಿ ತುತ್ತು ನೆತ್ತಿಗೇರಿತೆಂದು ಆಮೇಲೆ ತಿಳಿಯಿತು. ಶಾಂತಾ ಮಾತ್ರ ನಗಲಿಲ್ಲವಂತೆ. ಕಣ್ಣು ಮುಚ್ಚಿ ಉಸಿರು ಬಿಟ್ಟಳಂತೆ. ಸಮನಾಗಿ ಕೊಟ್ಟಿದ್ದರೆ ಗಂಡನಿಗೆ ಪೈಸೆಯವರೆಗೆ ಗೊತ್ತಿರುತ್ತಿತ್ತು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?

ಹೊರಡುವ ಹೊತ್ತಿಗೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ನನ್ನ ಬಳಿ ಬಸ್ಸಿನ ಹಣವಿರಲಿಲ್ಲ. ಶಾಂತಾಳನ್ನು ಕೇಳಿದೆ.

"ಹೆಣ್ಮಕ್ಕಳಿಗೆ ಬಸ್ ಫ್ರೀ ಆದಮ್ಯಾಲ ನಾ ಯಾಕ ರೊಕ್ಕಾ ಹಿಡೀಲಿ? ನನ್ನ ಹಂತೇಕ ಆಧಾರ ಕಾರ್ಡ ಐತಿ. ನಿಮ್ಮ ಟಿಕೀಟಿನ ಚಿಂತಿ ನೀವ ಮಾಡ್ರಿ."

ನಾಲ್ಕು ಬಗೆಯ ವಿದೇಶಿ ಹಣ ಕೈಯಲ್ಲಿ ಹಿಡಿದುಕೊಂಡು, ಹುಬ್ಬಳ್ಳಿಯಿಂದ ಧಾರವಾಡದವರೆಗೆ ಬರಲು ಗತಿಯಿಲ್ಲದೆ ಬಾಗಿಲಲ್ಲಿ ನಿಂತೆ. ಬೀಳ್ಕೊಡಲು ಬಂದ ಚನ್ನಬಸಪ್ಪನವರಿಗೆ ವಿಷಯ ತಿಳಿಯಿತು. ತಿಳಿಸಿದವಳು ಯಾರೆಂದು ಹೇಳಬೇಕಾಗಿಲ್ಲ. ಅವರು ಐದು ನೂರರ ನೋಟು ತೆಗೆದರು. ಬಸ್ಸಿನ ದರವಷ್ಟೇ ಸಾಕೆಂದೆ. ಜೇಬುಗಳನ್ನೆಲ್ಲ ತಡಕಿ, "ಚಿಲ್ರಿ ಇಲ್ರಿ ಅಣ್ಣಾರ" ಎಂದರು. ನಾವಿಬ್ಬರೂ ಆ ಕೆಂಪು ಚೀಲವನ್ನು ನೋಡಿದೆವು. ನಾನು ನೋಟನ್ನು ಜೇಬಿಗಿಟ್ಟುಕೊಂಡೆ.

ಬಸ್ಸಿನ ನಿರ್ವಾಹಕನೂ ಐದು ನೂರನ್ನು ಕಂಡು ಗೊಣಗಿ, ಬಾಕಿಯನ್ನು ಟಿಕೀಟಿನ ಹಿಂದೆ ಬರೆದುಕೊಟ್ಟ. ಇಳಿಯುವಾಗ ಕೇಳಿ ಪಡೆಯಬೇಕು. ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಹಲವು ದಿನಗಳ ನಂತರ ಶಾಂತಾ ಮಾತಾಡಲು ತೊಡಗಿದ್ದಳು. ಹೆಬ್ಬಳ್ಳಿಯ ಜೋಕಾಲಿ ಯಾವ ಮರಕ್ಕೆ ಕಟ್ಟುತ್ತಿದ್ದರು, ಕಮಲಾ ಚಿಕ್ಕವಳಿದ್ದಾಗ ಅದರಿಂದ ಹೇಗೆ ಬಿದ್ದಳು, ಈ ಸಲ ಯಾವ ಉಂಡಿ ಕಟ್ಟಬೇಕು ಎಂದು ಸತ್ತೂರು ಬರುವವರೆಗೂ ಮಾತು ನಿಲ್ಲಲಿಲ್ಲ. ಅವಳ ಮಾತು ಕೇಳುತ್ತಲೇ ಇಳಿದೆ. ಬಸ್ಸು ಕಣ್ಮರೆಯಾದ ಮೇಲೆ ಕೈಯಲ್ಲಿನ ಟಿಕೀಟನ್ನು ತಿರುಗಿಸಿ ನೋಡಿದೆ. ಏನನ್ನೂ ಮರೆಯದ ನಾನು ನನ್ನ ಬಾಕಿಯನ್ನು ಮರೆತು ಇಳಿದಿದ್ದೆ.

ಆ ಐದು ನೂರನ್ನು ಪಂಚಮಿಗೆ ಮುಂಚೆ ಬೆಂಗೇರಿಗೆ ಹೋಗಿ ಮುಟ್ಟಿಸಿ ಬರುತ್ತೇನೆ. ಅದರಲ್ಲಿ ಸಂಶಯ ಬೇಡ. ಆದರೆ ಅಷ್ಟು ದೊಡ್ಡ ವರ್ತಕರು, ಸ್ವಂತ ಮಗನ ಮದುವೆಯ ದಿನ, ಜೇಬಿನಲ್ಲಿ ಹತ್ತು ರೂಪಾಯಿಯ ಚಿಲ್ಲರೆ ಕೂಡ ಇಟ್ಟುಕೊಂಡಿರಲಿಲ್ಲವೆಂಬುದನ್ನು ನಾನು ಮರೆಯುವವನಲ್ಲ.